ಬೋಟ್ ಇದೆ, ಎಂಜಿನ್ ಇದೆ. ಪೆಟ್ರೋಲ್ ಚೀಟಿ ಯಾರ ಹತ್ತಿರ ಇದೆ?

ಮುಂಗಾರು ಶುರುವಾಗುವ ಹೊತ್ತಿಗೆ ಜಿಲ್ಲಾ ಕೇಂದ್ರದಿಂದ ನಮಗೆಲ್ಲ ಒಂದು ಪತ್ರಿಕಾ ಪ್ರಕಟಣೆ ಬರುತ್ತದೆ. ಪ್ರವಾಹಕ್ಕೆ ತುತ್ತಾಗಬಹುದಾದ ಗ್ರಾಮಗಳು ಇಷ್ಟು, ಗುರುತಿಸಿದ ಕಾಳಜಿ ಕೇಂದ್ರಗಳು ಇಷ್ಟು, ಬೋಟ್ ಇಷ್ಟು, ಲೈಫ್ ಜಾಕೆಟ್ ಇಷ್ಟು, ಜೆಸಿಬಿ ಇಷ್ಟು, ನೋಡಲ್ ಅಧಿಕಾರಿಗಳು ಇಷ್ಟು. ಕೊನೆಯ ಸಾಲು ಎಲ್ಲ ಜಿಲ್ಲೆಗೂ ಒಂದೇ: ಎಂತಹ ಪರಿಸ್ಥಿತಿ ಬಂದರೂ ಎದುರಿಸಲು ಆಡಳಿತ ಸನ್ನದ್ಧವಾಗಿದೆ. ನಾವು ಅದನ್ನು ಎರಡು ಕಾಲಂ ಸುದ್ದಿ ಮಾಡಿ ಕಳುಹಿಸುತ್ತೇವೆ. ಆಗಸ್ಟ್‌ನಲ್ಲಿ ರಾಜಾಪುರ ಬ್ಯಾರೇಜ್‌ನಿಂದ ಕೃಷ್ಣೆಗೆ ನೀರು ಹೆಚ್ಚಾದಾಗ ಹೊಳೆ ದಂಡೆಗೆ ಹೋಗಿ ನಿಂತರೆ, ಪ್ರಕಟಣೆಯಲ್ಲಿದ್ದ ಸಂಖ್ಯೆಗೂ ಕಣ್ಣೆದುರು ಇರುವುದಕ್ಕೂ ತಾಳೆ ಆಗುವುದಿಲ್ಲ.

ಇದರಲ್ಲಿ ಯಾರೋ ಸುಳ್ಳು ಹೇಳಿದ್ದಾರೆ ಎಂದು ನಾವು ಹೇಳುತ್ತಿಲ್ಲ. ಬೋಟ್ ನಿಜವಾಗಿಯೂ ಇರುತ್ತದೆ. ಆದರೆ ಅದು ತಾಲ್ಲೂಕು ಕೇಂದ್ರದ ಶೆಡ್‌ನಲ್ಲಿರುತ್ತದೆ, ಅದರ ಎಂಜಿನ್ ಇನ್ನೊಂದು ಠಾಣೆಯಲ್ಲಿರುತ್ತದೆ. ಎಂಜಿನ್ ನಡೆಸಲು ತರಬೇತಿ ಪಡೆದಿದ್ದ ಸಿಬ್ಬಂದಿಗೆ ಮೇ ತಿಂಗಳಲ್ಲೇ ವರ್ಗಾವಣೆ ಆಗಿರುತ್ತದೆ. ಬೋಟನ್ನು ದಂಡೆಗೆ ಒಯ್ಯಲು ಟ್ರ್ಯಾಕ್ಟರ್ ಬೇಕು, ಆ ಟ್ರ್ಯಾಕ್ಟರ್ ಬಾಡಿಗೆ ಯಾವ ಲೆಕ್ಕಕ್ಕೆ ಹಾಕಬೇಕು ಎಂಬುದು ಇತ್ಯರ್ಥ ಆಗಿರುವುದಿಲ್ಲ. ಇಷ್ಟೆಲ್ಲ ಕೂಡಿ ಬಂದ ಮೇಲೆ ಪೆಟ್ರೋಲ್ ಬೇಕು. ಬಂಕ್‌ನವರು ಚೀಟಿ ಕೇಳುತ್ತಾರೆ. ಚೀಟಿಗೆ ಸಹಿ ಮಾಡಬೇಕಾದವರು ಮಂತ್ರಿಗಳ ಜತೆ ಪ್ರವಾಹ ವೀಕ್ಷಣೆಯಲ್ಲಿರುತ್ತಾರೆ. ನಮ್ಮ ಕಡೆಯ ಒಂದು ತಾಲ್ಲೂಕಿನಲ್ಲಿ ನಾವು ಕಂಡಿದ್ದು ಹೆಚ್ಚುಕಡಿಮೆ ಇದನ್ನೇ. ಬೇರೆ ಜಿಲ್ಲೆಗಳ ಗೆಳೆಯರು ಹೇಳುವುದೂ ಇದನ್ನೇ.

ನಮ್ಮ ಅಭಿಪ್ರಾಯ ಇಷ್ಟು: ವಿಪತ್ತಿನ ಹೊತ್ತಿನಲ್ಲಿ ನಮ್ಮ ಜಿಲ್ಲೆಗಳಿಗೆ ಜನ, ಯಂತ್ರ ಇಲ್ಲ ಎಂಬ ಕೊರತೆಗಿಂತ, ಇರುವ ಜನ ಮತ್ತು ಯಂತ್ರದ ಲೆಕ್ಕ ಇಡುವವರು ಇಲ್ಲ ಎಂಬ ಕೊರತೆ ದೊಡ್ಡದು. ಹೊಸ ಬೋಟ್ ಖರೀದಿಗೆ ಬೇಡಿಕೆ ಇಡುವ ಮೊದಲು ಈ ಲೆಕ್ಕ ಕೇಳಬೇಕು.

ಸಂಖ್ಯೆ ಹೇಳದೆ ಬಿಡುವುದು

ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2010ರಲ್ಲಿ ಒಂದು ಮಾರ್ಗಸೂಚಿ ಹೊರಡಿಸಿತು. ಹೆಸರು ಇನ್ಸಿಡೆಂಟ್ ರೆಸ್ಪಾನ್ಸ್ ಸಿಸ್ಟಂ. 1970ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕಾಡ್ಗಿಚ್ಚು ಹಬ್ಬಿದಾಗ ಹತ್ತಾರು ಇಲಾಖೆಗಳು ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದೆ ಒದ್ದಾಡಿದವು. ಆ ಅನುಭವದಿಂದ ಹುಟ್ಟಿದ ಪದ್ಧತಿಯನ್ನು ನಮ್ಮ ಆಡಳಿತಕ್ಕೆ ಹೊಂದುವಂತೆ ಬರೆದದ್ದು ಇದು. ಜಿಲ್ಲೆಯಲ್ಲಿ ಹೊಣೆ ಜಿಲ್ಲಾಧಿಕಾರಿಯದು. ಅವರ ಕೆಳಗೆ ಕಾರ್ಯಾಚರಣೆಗೆ ಒಬ್ಬರು, ಯೋಜನೆಗೆ ಒಬ್ಬರು, ಸಾಮಗ್ರಿ ಪೂರೈಕೆಗೆ ಒಬ್ಬರು. ಒಬ್ಬ ಮೇಲ್ವಿಚಾರಕನ ಕೈಕೆಳಗೆ ಐದು ಜನ ಇದ್ದರೆ ಸರಿ, ಏಳು ಮೀರಬಾರದು ಎನ್ನುತ್ತದೆ ಈ ಪದ್ಧತಿ.

ಅದರಲ್ಲಿ ನಮಗೆ ಬಹಳ ಉಪಯೋಗಕ್ಕೆ ಬರುವ ಮಾತು ಒಂದಿದೆ. ಪ್ರತಿ ಯಂತ್ರ, ಪ್ರತಿ ತಂಡ ಯಾವುದೇ ಗಳಿಗೆಯಲ್ಲಿ ಮೂರು ಸ್ಥಿತಿಗಳಲ್ಲಿ ಒಂದರಲ್ಲಿ ಇರುತ್ತದೆ. ಕೆಲಸಕ್ಕೆ ಹಚ್ಚಿದ್ದು, ಕರೆದರೆ ಹೊರಡಲು ತಯಾರಿದ್ದು, ಕೆಲಸಕ್ಕೆ ಬಾರದ್ದು. ರಿಪೇರಿಗೆ ಹೋದ ಜೆಸಿಬಿಯಷ್ಟೇ ಮೂರನೆಯದರಲ್ಲಿ ಬರುವುದಿಲ್ಲ. ಹದಿನಾರು ತಾಸು ದುಡಿದು ಮಲಗಿರುವ ಡ್ರೈವರ್ ಕೂಡ ಅದರಲ್ಲೇ ಬರುತ್ತಾನೆ. ನಮ್ಮ ಪ್ರಕಟಣೆಗಳಲ್ಲಿ ಈ ಮೂರೂ ಕೂಡಿಸಿ ಒಂದೇ ಸಂಖ್ಯೆ ಇರುತ್ತದೆ. ‘ಬೋಟ್ 12’ ಎಂದರೆ ಹೊಳೆಯಲ್ಲಿ ಇಳಿದಿರುವುದು ಎಷ್ಟು, ಇಳಿಯಲು ತಯಾರಿರುವುದು ಎಷ್ಟು, ಗಾಳಿ ಸೋರಿ ಮೂಲೆಗೆ ಬಿದ್ದಿರುವುದು ಎಷ್ಟು ಎಂದು ಆ ಸಂಖ್ಯೆ ಹೇಳುವುದಿಲ್ಲ.

ಇದೇ ಮಾರ್ಗಸೂಚಿ ಇನ್ನೊಂದು ಮಾತನ್ನೂ ಹೇಳುತ್ತದೆ. ಬಿಡಿ ಯಂತ್ರ ಬೇರೆ, ಒಂದೇ ಬಗೆಯ ಯಂತ್ರಗಳ ತಂಡ ಬೇರೆ, ಒಂದು ಕೆಲಸಕ್ಕೆ ಬೇಕಾದ ಬೇರೆಬೇರೆಯವು ಕೂಡಿದ ತಂಡ ಬೇರೆ. ನಡುಗಡ್ಡೆಯಲ್ಲಿ ಸಿಕ್ಕಿಕೊಂಡ ಕುಟುಂಬವನ್ನು ತರಲು ಬೇಕಾದದ್ದು ಈ ಮೂರನೆಯದು. ಬೋಟ್, ಎಂಜಿನ್, ಎಂಜಿನ್ ಗೊತ್ತಿರುವ ಇಬ್ಬರು, ಹೊಳೆಯ ಸುಳಿ ಗೊತ್ತಿರುವ ಊರಿನ ಅಂಬಿಗ ಒಬ್ಬ, ಹಗ್ಗ, ಲೈಫ್ ಜಾಕೆಟ್, ಎರಡು ಕ್ಯಾನ್ ಪೆಟ್ರೋಲ್, ಟ್ರ್ಯಾಕ್ಟರ್. ಇವನ್ನೆಲ್ಲ ಒಂದೇ ಸಾಲಿನಲ್ಲಿ ಬರೆದಿಟ್ಟ ಪಟ್ಟಿ ನಿಮ್ಮ ತಾಲ್ಲೂಕಿನಲ್ಲಿ ಇದೆಯೇ? ಇದ್ದರೆ ಆ ಬೋಟ್ ಲೆಕ್ಕಕ್ಕೆ ಉಂಟು. ಇಲ್ಲದಿದ್ದರೆ ಅದು ಸ್ಟೋರ್ ರಿಜಿಸ್ಟರ್‌ನಲ್ಲಿ ಮಾತ್ರ ಉಂಟು.

ಲಚ್ಯಾಣ, ಹೊಸಪೇಟೆ, ಶಿರೂರು

2024ರ ಮೂರು ಘಟನೆಗಳನ್ನು ಈ ಕಣ್ಣಿನಿಂದ ನೋಡಿದರೆ ನಾವು ಹೇಳುವುದು ಇನ್ನಷ್ಟು ಸ್ಪಷ್ಟವಾಗುತ್ತದೆ.

ಮೊದಲನೆಯದು ವಿಜಯಪುರ ಜಿಲ್ಲೆ ಇಂಡಿ ತಾಲ್ಲೂಕಿನ ಲಚ್ಯಾಣ. ಏಪ್ರಿಲ್ 3ರ ಸಂಜೆ ಎರಡು ವರ್ಷದ ಆಸುಪಾಸಿನ ಮಗು ಕೊಳವೆಬಾವಿಗೆ ಬಿತ್ತು. ಸುಮಾರು 20 ತಾಸಿನ ನಂತರ, ಮರುದಿನ ಮಧ್ಯಾಹ್ನ, ಜೀವಂತವಾಗಿ ಹೊರಗೆ ಬಂತು. ಏಳು ವರ್ಷ ಹಿಂದೆ, 2017ರ ಏಪ್ರಿಲ್‌ನಲ್ಲಿ, ಅಥಣಿ ತಾಲ್ಲೂಕಿನ ಝುಂಜರವಾಡದಲ್ಲಿ ಆರು ವರ್ಷದ ಬಾಲಕಿಗಾಗಿ ಎರಡು ದಿನ ಮೀರಿ ಶ್ರಮಿಸಿದರೂ ಉಳಿಸಲು ಆಗಿರಲಿಲ್ಲ. ಎರಡೂ ಕಡೆ ಆಳ ಬೇರೆ, ನೆಲ ಬೇರೆ. ಹಾಗಾಗಿ ಒಂದನ್ನು ಹಿಡಿದು ಇನ್ನೊಂದಕ್ಕೆ ತೀರ್ಪು ಕೊಡುವುದು ತಪ್ಪು. ಆದರೆ ಲಚ್ಯಾಣದ ಕೆಲಸದಲ್ಲಿ ಒಂದು ಕ್ರಮ ಕಾಣುತ್ತದೆ. ಮೊದಲು ಆಮ್ಲಜನಕದ ಪೈಪು, ಕ್ಯಾಮೆರಾ. ಪಕ್ಕದಲ್ಲಿ ಹಿಟಾಚಿ, ಜೆಸಿಬಿಯಿಂದ ಸಮಾನಾಂತರ ಗುಂಡಿ. ಮಗುವಿನ ಮಟ್ಟಕ್ಕೆ ಬಂದ ಮೇಲೆ ದೊಡ್ಡ ಯಂತ್ರ ನಿಲ್ಲಿಸಿ, ಅಡ್ಡಕ್ಕೆ ಸಣ್ಣ ಉಪಕರಣದಿಂದ, ಕೈಯಿಂದ ಕೊರೆಯುವುದು. ನಡುವೆ ಬಂಡೆ ಸಿಕ್ಕಿತು, ಸಮಯ ಹಿಡಿಯಿತು. ಯಾವ ಯಂತ್ರ ಯಾವಾಗ ಬೇಕು ಎಂಬುದರ ಜತೆಗೆ ಯಾವ ಯಂತ್ರವನ್ನು ಯಾವಾಗ ನಿಲ್ಲಿಸಬೇಕು ಎಂಬುದೂ ಇಲ್ಲಿ ಮಗುವಿನ ಜೀವದ ಪ್ರಶ್ನೆ. ದೊಡ್ಡ ಯಂತ್ರದ ಅದುರಿಗೆ ಮಣ್ಣು ಕುಸಿದರೆ ಎಲ್ಲ ಮುಗಿಯುತ್ತದೆ. ಕರೆದವರೂ ಕರೆಯದವರೂ ತಂದು ನಿಲ್ಲಿಸಿದ ಯಂತ್ರಗಳ ನಡುವೆ ಆ ನಿರ್ಧಾರ ತೆಗೆದುಕೊಳ್ಳಲು ಆಗುವುದಿಲ್ಲ.

ಎರಡನೆಯದು ತುಂಗಭದ್ರಾ. ಆಗಸ್ಟ್ 10ರ ರಾತ್ರಿ ಜಲಾಶಯದ 33 ಕ್ರಸ್ಟ್‌ಗೇಟ್‌ಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟ್ ಕೊಚ್ಚಿಹೋಯಿತು. ಒತ್ತಡ ಇಳಿಸಲು ಉಳಿದ ಗೇಟ್‌ಗಳಿಂದಲೂ ನೀರು ಬಿಡಬೇಕಾಯಿತು. ನಾಲ್ಕು ಜಿಲ್ಲೆಗಳ ರೈತರ ಬೆಳೆ, ಆಂಧ್ರ-ತೆಲಂಗಾಣದ ಪಾಲು ಎಲ್ಲವೂ ಆ ಒಂದು ಕಿಂಡಿಯಲ್ಲಿ ಹರಿದುಹೋಗುತ್ತಿತ್ತು. ಆಗ ಗೇಟ್ ತಜ್ಞ ಕನ್ನಯ್ಯ ನಾಯ್ಡು ಅವರನ್ನು ಕರೆಸಲಾಯಿತು. ಹೊಸಪೇಟೆ ಭಾಗದ ಕಾರ್ಖಾನೆಗಳಲ್ಲಿ ಉಕ್ಕಿನ ತುಂಡುಗಳನ್ನು ಹಗಲು-ರಾತ್ರಿ ತಯಾರಿಸಿ, ಹರಿಯುವ ನೀರಿನಲ್ಲೇ ಒಂದರ ಮೇಲೊಂದು ಐದು ತುಂಡು ಇಳಿಸಿದರು. ಆಗಸ್ಟ್ 17ರ ಹೊತ್ತಿಗೆ ಕಿಂಡಿ ಮುಚ್ಚಿತು.

ಇದು ಹೆಮ್ಮೆಪಡಬೇಕಾದ ಕೆಲಸ, ನಾವೂ ಹಾಗೇ ಬರೆದೆವು. ಆದರೆ ಈ ಕತೆಯಲ್ಲಿ ಅದೃಷ್ಟದ ಪಾಲು ಎಷ್ಟು ಎಂದು ಲೆಕ್ಕ ಹಾಕಬೇಕು. ಉಕ್ಕಿನ ಕಾರ್ಖಾನೆ, ದೊಡ್ಡ ಕ್ರೇನ್, ವೆಲ್ಡಿಂಗ್ ಕೆಲಸಗಾರರು ಎಲ್ಲರೂ ಅಣೆಕಟ್ಟೆಯ ಮಗ್ಗುಲಲ್ಲೇ ಇದ್ದರು. ತಜ್ಞರು ನಿವೃತ್ತರಾಗಿದ್ದರೂ ಬರುವಷ್ಟು ಗಟ್ಟಿಯಾಗಿದ್ದರು. ಇದೇ ಅವಘಡ ಕಾರ್ಖಾನೆ ಇಲ್ಲದ ಜಿಲ್ಲೆಯ ಅಣೆಕಟ್ಟೆಯಲ್ಲಿ ಆಗಿದ್ದರೆ? ಜನರ ಕೈಚಳಕ, ತಿಳಿವಳಿಕೆ ಕೂಡ ಒಂದು ಸಂಪನ್ಮೂಲ. ಬೋಟ್‌ನ ಹಾಗೆ ಅದನ್ನೂ ಪಟ್ಟಿಯಲ್ಲಿ ಬರೆದಿಡಬೇಕು. ಒಬ್ಬರಿಗೆ ವಯಸ್ಸಾದಾಗ ಅವರ ಕೆಲಸ ಕಲಿತ ಇನ್ನೊಬ್ಬರು ಇದ್ದಾರೆಯೇ ಎಂದೂ ನೋಡಬೇಕು.

ಮೂರನೆಯದು ಅಂಕೋಲಾ ತಾಲ್ಲೂಕಿನ ಶಿರೂರು. ಜುಲೈ 16ರ ಬೆಳಿಗ್ಗೆ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿಯಿತು. ಮಣ್ಣು ರಸ್ತೆ ದಾಟಿ ಗಂಗಾವಳಿ ನದಿಗೆ ಇಳಿಯಿತು. ಎನ್‌ಡಿಆರ್‌ಎಫ್, ಎಸ್‌ಡಿಆರ್‌ಎಫ್, ನೌಕಾಪಡೆ ಬಂದವು. ಬೆಳಗಾವಿಯಿಂದ ಸೇನೆ ಬಂತು, ಮಲ್ಪೆಯಿಂದ ಈಶ್ವರ್ ಮಲ್ಪೆ ಮತ್ತು ಸಂಗಡಿಗ ಮುಳುಗುಗಾರರು ಬಂದರು. ರಸ್ತೆ ಮೇಲಿನ ಮಣ್ಣಿಗೆ ಬೇಕಾದ ಯಂತ್ರ ಸಿಕ್ಕಿತು. ನದಿಯೊಳಗಿನ ಮಣ್ಣಿಗೆ ಬೇಕಾದದ್ದು ಡ್ರೆಜರ್. ಅದು ಮಳೆಗಾಲದ ಕಡಲಿನಲ್ಲಿ ಬರುವ ಹಾಗಿರಲಿಲ್ಲ. ಗೋವಾದಿಂದ ಬಂದಾಗ ಸೆಪ್ಟೆಂಬರ್ ಆಗಿತ್ತು. ಕೇರಳದ ಚಾಲಕನಿದ್ದ ಲಾರಿ ಸಿಕ್ಕಿದ್ದು ಸೆಪ್ಟೆಂಬರ್ 25ಕ್ಕೆ. ಎರಡು ತಿಂಗಳಿಗೂ ಹೆಚ್ಚು ಕಾಲ ಆ ಮನೆಯವರು ಕಾದರು.

ಡ್ರೆಜರ್ ಮೊದಲ ದಿನವೇ ಬಂದಿದ್ದರೂ ಜೀವ ಉಳಿಯುತ್ತಿತ್ತು ಎಂದು ನಾವು ಹೇಳುವುದಿಲ್ಲ. ನಮ್ಮ ಮಾತು ಬೇರೆ. ಪಶ್ಚಿಮ ಘಟ್ಟದ ಅಂಚಿನಲ್ಲಿ ಹೆದ್ದಾರಿ, ಅದರ ಪಕ್ಕದಲ್ಲೇ ನದಿ ಇರುವ ಜಾಗದಲ್ಲಿ ಗುಡ್ಡ ಜರಿದರೆ ಮಣ್ಣು ನೀರಿಗೆ ಬೀಳುತ್ತದೆ ಎಂದು ಊಹಿಸುವುದು ಕಷ್ಟವೇನಲ್ಲ. ನೀರಿನೊಳಗಿನ ಮಣ್ಣು ತೆಗೆಯಲು ಏನು ಬೇಕು, ಅದು ಎಲ್ಲಿದೆ, ಮಳೆಗಾಲದಲ್ಲಿ ಯಾವ ದಾರಿಯಿಂದ ಬರಬಹುದು, ಬಾರದಿದ್ದರೆ ಬದಲಿ ಏನು ಎಂಬ ನಾಲ್ಕು ಸಾಲು ಕಾಗದದ ಮೇಲೆ ಮೊದಲೇ ಇದ್ದಿದ್ದರೆ, ಕಾಯುತ್ತ ಕುಳಿತ ಮನೆಯವರಿಗೆ ನೇರ ಉತ್ತರವಾದರೂ ಸಿಗುತ್ತಿತ್ತು.

ಕಾನೂನು ಕೊಟ್ಟಿರುವ ಅಧಿಕಾರ

‘ಖಾಸಗಿ ಯಂತ್ರ ತರಿಸಲು ನಮಗೆ ಅಧಿಕಾರ ಎಲ್ಲಿದೆ, ಆಮೇಲೆ ಆಡಿಟ್‌ನವರು ಹಿಡಿಯುತ್ತಾರೆ’ ಎಂಬ ಮಾತು ತಾಲ್ಲೂಕು ಮಟ್ಟದಲ್ಲಿ ಕೇಳಿಬರುತ್ತದೆ. ಅಧಿಕಾರ ಇದೆ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ 65ನೇ ಸೆಕ್ಷನ್ ಪ್ರಕಾರ ಜಿಲ್ಲಾ ಪ್ರಾಧಿಕಾರ, ಅಥವಾ ಅದು ಅಧಿಕಾರ ಕೊಟ್ಟ ಅಧಿಕಾರಿ, ಲಿಖಿತ ಆದೇಶದ ಮೂಲಕ ಯಾರದೇ ವಾಹನ, ಕಟ್ಟಡ, ಸಾಮಗ್ರಿಯನ್ನು ರಕ್ಷಣಾ ಕೆಲಸಕ್ಕೆ ವಶಕ್ಕೆ ಪಡೆಯಬಹುದು. 66ನೇ ಸೆಕ್ಷನ್ ಪ್ರಕಾರ ಅದಕ್ಕೆ ಪರಿಹಾರ ಕೊಡಬೇಕು. ವಾಹನಕ್ಕಾದರೆ ಆ ಊರಿನಲ್ಲಿ ನಡೆಯುವ ಬಾಡಿಗೆ ದರವೇ ಆಧಾರ. 50ನೇ ಸೆಕ್ಷನ್ ತುರ್ತು ಸಂದರ್ಭದಲ್ಲಿ ಟೆಂಡರ್ ಇಲ್ಲದೆ ಖರೀದಿಗೆ ಅವಕಾಶ ಕೊಡುತ್ತದೆ. 31ನೇ ಸೆಕ್ಷನ್ ಪ್ರಕಾರ ಪ್ರತಿ ಜಿಲ್ಲೆಗೂ ವಿಪತ್ತು ಯೋಜನೆ ಇರಬೇಕು, ಅದನ್ನು ವರ್ಷಕ್ಕೊಮ್ಮೆ ಪರಿಶೀಲಿಸಿ ಹೊಸದಾಗಿಸಬೇಕು. ಯಾವ ಜಿಲ್ಲೆಯಲ್ಲಿ ಯಾವ ಉಪಕರಣ, ಯಾವ ನುರಿತ ಜನ ಇದ್ದಾರೆ ಎಂದು ಆನ್‌ಲೈನ್‌ನಲ್ಲಿ ದಾಖಲಿಸುವ ಇಂಡಿಯಾ ಡಿಸಾಸ್ಟರ್ ರಿಸೋರ್ಸ್ ನೆಟ್‌ವರ್ಕ್ 2003ರಲ್ಲೇ ಶುರುವಾಯಿತು.

ಅಂದರೆ ಪಟ್ಟಿ ಮಾಡುವ ಜಾಗ ಇಪ್ಪತ್ತು ವರ್ಷದಿಂದ ಇದೆ. ಪಟ್ಟಿಯಲ್ಲಿರುವ ಫೋನ್ ನಂಬರ್ ಹತ್ತಕ್ಕೆ ಒಂದು ಸಲ ಕರೆ ಮಾಡಿ ನೋಡುವ ಕೆಲಸ ಯಾರದು ಎಂಬುದು ಮಾತ್ರ ಗೊತ್ತಾಗಬೇಕಿದೆ. ಜೆಸಿಬಿ ಮಾಲೀಕ ಅದನ್ನು ಮಾರಿ ಎರಡು ವರ್ಷವಾಗಿರಬಹುದು. ಜಿಲ್ಲಾ ಯೋಜನೆಯಲ್ಲಿ ಅವರ ಹೆಸರು ಹಾಗೇ ಉಳಿದಿರುತ್ತದೆ.

ಬಿಲ್ ವಿಷಯ ಸಣ್ಣದಲ್ಲ. ಒಂದು ಪ್ರವಾಹದಲ್ಲಿ ಮೂರು ದಿನ ಟ್ರ್ಯಾಕ್ಟರ್ ಓಡಿಸಿ, ಆರು ತಿಂಗಳು ಕಚೇರಿ ಅಲೆದ ರೈತ ಮುಂದಿನ ಪ್ರವಾಹದಲ್ಲಿ ಫೋನ್ ಎತ್ತುವುದಿಲ್ಲ. ಅವನನ್ನು ಬೈದು ಪ್ರಯೋಜನವಿಲ್ಲ. ಯಾವ ವಾಹನ ಎಷ್ಟು ಹೊತ್ತಿಗೆ ಬಂತು, ಎಷ್ಟು ಹೊತ್ತಿಗೆ ಬಿಟ್ಟಿತು ಎಂದು ಅಂದೇ ಬರೆದು ಸಹಿ ಹಾಕಿಸಿಕೊಂಡಿದ್ದರೆ ಬಿಲ್ ಪಾಸಾಗುತ್ತದೆ. ಬರೆಯದಿದ್ದರೆ ಪ್ರಾಮಾಣಿಕ ಅಧಿಕಾರಿಗೂ ಸಹಿ ಮಾಡಲು ಭಯ. ಅದೇ ಬರೆಯದ ಜಾಗದಲ್ಲಿ ಓಡದ ಟ್ರ್ಯಾಕ್ಟರ್‌ಗೂ ಬಿಲ್ ಹುಟ್ಟಿಕೊಳ್ಳುತ್ತದೆ.

ಜನ ಯಂತ್ರಗಳಲ್ಲ

ಯಂತ್ರದ ಲೆಕ್ಕಕ್ಕಿಂತ ಜನರ ಲೆಕ್ಕ ಇನ್ನೂ ಸಡಿಲ. ಅಗ್ನಿಶಾಮಕ ಸಿಬ್ಬಂದಿ, ಹೋಂಗಾರ್ಡ್‌ಗಳು, ಲೈನ್‌ಮನ್‌ಗಳು, ಪೌರಕಾರ್ಮಿಕರು, ಗ್ರಾಮ ಆಡಳಿತ ಅಧಿಕಾರಿಗಳು, ಆಶಾ ಕಾರ್ಯಕರ್ತೆಯರು, ಊರಿನ ಅಂಬಿಗರು. ಇವರು ಎಷ್ಟು ಹೊತ್ತಿನಿಂದ ಕೆಲಸದಲ್ಲಿದ್ದಾರೆ, ಊಟ ಆಯಿತೇ, ಒಣ ಬಟ್ಟೆ ಇದೆಯೇ, ಪಾಳಿ ಬದಲಿಸಲು ಯಾರಿದ್ದಾರೆ ಎಂದು ಕೇಳುವ ಕೆಲಸವನ್ನು ಯಾರಿಗೂ ಹಚ್ಚಿರುವುದಿಲ್ಲ. ಕಾಳಜಿ ಕೇಂದ್ರದಲ್ಲಿ ಸಂತ್ರಸ್ತರಿಗೆ ಅನ್ನ-ಸಾರು ತಯಾರಾಗುತ್ತದೆ. ದಂಡೆಯಲ್ಲಿ ನಿಂತವರಿಗೆ ಯಾರೋ ಪುಣ್ಯಾತ್ಮರು ಬಿಸ್ಕೀಟ್ ಪೊಟ್ಟಣ ತಂದರೆ ಉಂಟು.

ಇದು ಮಾನವೀಯತೆಯ ಮಾತು ಮಾತ್ರವಲ್ಲ, ಸುರಕ್ಷತೆಯ ಮಾತು. 2019ರ ಆಗಸ್ಟ್‌ನಲ್ಲಿ ಗಂಗಾವತಿ ತಾಲ್ಲೂಕಿನ ವಿರೂಪಾಪುರ ಗಡ್ಡೆಯಲ್ಲಿ ಸಿಲುಕಿದ್ದ ಪ್ರವಾಸಿಗರನ್ನು ಕರೆತರುವಾಗ ರಕ್ಷಣಾ ಸಿಬ್ಬಂದಿಯ ಬೋಟೇ ಮಗುಚಿತು. ತುಂಗಭದ್ರೆಯಲ್ಲಿ ಕೊಚ್ಚಿಹೋದವರನ್ನು ಉಳಿಸಲು ಮತ್ತೊಂದು ಕಾರ್ಯಾಚರಣೆಯೇ ನಡೆಯಬೇಕಾಯಿತು. ತರಬೇತಿ ಪಡೆದ ಪಡೆಗೇ ಹೀಗಾಗುವ ಹೊಳೆಯಲ್ಲಿ, ಬೋಟ್ ಹತ್ತಿದವರು ಎಷ್ಟು, ಇಳಿದವರು ಎಷ್ಟು ಎಂದು ದಂಡೆಯಲ್ಲಿ ಬರೆದಿಡುವ ಒಬ್ಬ ಬೇಕೇ ಬೇಕು. ಇಲ್ಲವಾದರೆ ಯಾರು ಕಾಣೆಯಾಗಿದ್ದಾರೆ ಎಂಬುದು ಅವರ ಮನೆಯಿಂದ ಫೋನ್ ಬಂದ ಮೇಲೆ ಗೊತ್ತಾಗುತ್ತದೆ.

ಕೇರಳ 2018ರಲ್ಲಿ ಮೀನುಗಾರರ ವಿಷಯದಲ್ಲಿ ನಡೆದುಕೊಂಡ ರೀತಿ ನಮಗೆ ಪಾಠ. ಕಡಲ ದೋಣಿಗಳನ್ನು ಲಾರಿಯ ಮೇಲೆ ಹೇರಿಕೊಂಡು ಒಳನಾಡಿಗೆ ಒಯ್ದರು. ಅಲ್ಲಿನ ಸರ್ಕಾರದ ಲೆಕ್ಕದಂತೆ 669 ದೋಣಿಗಳಲ್ಲಿ ಸುಮಾರು 65 ಸಾವಿರ ಜನರನ್ನು ಕರೆತಂದರು. ನಂತರ ಸರ್ಕಾರ ಪ್ರತಿ ದೋಣಿಗೆ ದಿನಕ್ಕೆ 3,000 ರೂಪಾಯಿ, ಇಂಧನದ ಖರ್ಚು, ಹಾಳಾದ ದೋಣಿಗೆ ರಿಪೇರಿ ಘೋಷಿಸಿತು. ದುಡ್ಡು ಬೇಡ ಎಂದ ಮೀನುಗಾರರೂ ಇದ್ದರು. ಬೇಡ ಎನ್ನುವುದು ಅವರ ದೊಡ್ಡತನ, ಕೊಡುವುದು ಸರ್ಕಾರದ ಕರ್ತವ್ಯ. ಕೃಷ್ಣಾ, ಘಟಪ್ರಭಾ, ಮಲಪ್ರಭಾ, ಭೀಮಾ ದಂಡೆಯ ಅಂಬಿಗರಿಗೆ, ತೆಪ್ಪ ನಡೆಸುವವರಿಗೆ ನಾವು ಆಗಸ್ಟ್ 15ರಂದು ಶಾಲು ಹೊದಿಸುತ್ತೇವೆ. ಅವರ ತೆಪ್ಪ ಹರಿದರೆ ಯಾವ ಲೆಕ್ಕದಿಂದ ಹೊಸದು ಕೊಡುತ್ತೇವೆ ಎಂದು ಬರೆದಿಟ್ಟಿಲ್ಲ.

‘ಅಂಥ ಹೊತ್ತಿನಲ್ಲಿ ರಿಜಿಸ್ಟರ್ ಬರೆಯುತ್ತ ಕೂರಬೇಕೇ?’

ಅಧಿಕಾರಿಗಳು, ಊರಿನ ಹುಡುಗರು ಇಬ್ಬರೂ ಕೇಳುವ ಪ್ರಶ್ನೆ ಇದು. ಜನ ಮುಳುಗುತ್ತಿರುವಾಗ ಕಾಗದ ಯಾಕೆ, ಸಿಕ್ಕಿದ್ದನ್ನು ಹಿಡಿದು ಓಡಬೇಕು ಎಂಬ ವಾದ. ಮೊದಲ ಒಂದು ತಾಸಿಗೆ ಈ ವಾದ ಸರಿ. ನಮ್ಮ ಹಳ್ಳಿಗಳಲ್ಲಿ ಮೊದಲ ತಾಸಿನಲ್ಲಿ ಜೀವ ಉಳಿಸುವವರು ನೆರೆಹೊರೆಯವರೇ, ಅವರನ್ನು ಯಾವ ಪಟ್ಟಿಯೂ ತಡೆಯಬಾರದು. ಎರಡನೇ ತಾಸಿನಿಂದ ಮಾತು ಬದಲಾಗುತ್ತದೆ. ಆಗ ಹತ್ತು ಕಡೆಯಿಂದ ಜನ, ಜೆಸಿಬಿ, ಆಂಬುಲೆನ್ಸ್ ಬರುತ್ತವೆ. ಎಲ್ಲರೂ ಘಟನೆಯ ಜಾಗಕ್ಕೇ ನುಗ್ಗಿದರೆ ರಸ್ತೆ ಕಟ್ಟಿಕೊಳ್ಳುತ್ತದೆ, ಆಂಬುಲೆನ್ಸ್ ಹೊರಗೆ ಹೋಗಲು ಆಗುವುದಿಲ್ಲ. ಅದಕ್ಕೇ ಮಾರ್ಗಸೂಚಿ ಹೇಳುವುದು, ಸ್ವಲ್ಪ ದೂರದಲ್ಲಿ ಶಾಲೆ ಮೈದಾನವೋ ಎಪಿಎಂಸಿ ಅಂಗಳವೋ ಒಂದು ಜಾಗ ಗೊತ್ತು ಮಾಡಿ, ಬಂದವರೆಲ್ಲ ಅಲ್ಲಿ ಹೆಸರು ಬರೆಸಿ, ಕರೆದಾಗ ಮುಂದೆ ಹೋಗಲಿ ಎಂದು. ಇದಕ್ಕೆ ಕಂಪ್ಯೂಟರ್ ಬೇಡ. ಇನ್ನೂರು ಪುಟದ ನೋಟ್‌ಬುಕ್, ಒಂದು ಪೆನ್ನು, ಗಟ್ಟಿ ದನಿಯ ಒಬ್ಬ ಗುಮಾಸ್ತ ಸಾಕು. ನೆಟ್‌ವರ್ಕ್ ಹೋದರೂ ನೋಟ್‌ಬುಕ್ ನಡೆಯುತ್ತದೆ.

ಕೃಷ್ಣಾ ತೀರದಲ್ಲಂತೂ ಸಮಯ ಇಲ್ಲ ಎನ್ನಲು ಬರುವುದಿಲ್ಲ. ಗುಡ್ಡ ಹೇಳದೆ ಕುಸಿಯುತ್ತದೆ, ಕೃಷ್ಣೆ ಹೇಳಿ ಬರುತ್ತಾಳೆ. ಮಹಾರಾಷ್ಟ್ರದಲ್ಲಿ ಮಳೆ, ಕೊಯ್ನಾದಿಂದ ಬಿಡುಗಡೆ, ರಾಜಾಪುರದಲ್ಲಿ ಎಷ್ಟು ಕ್ಯೂಸೆಕ್ ಎಂದು ನಾವೇ ದಿನಕ್ಕೆ ಎರಡು ಸಲ ಬರೆಯುತ್ತೇವೆ. ಬೋಟ್, ಎಂಜಿನ್, ಪೆಟ್ರೋಲ್ ಒಂದೇ ಜಾಗಕ್ಕೆ ತಂದು ಪರೀಕ್ಷಿಸಲು ಅಷ್ಟು ಸಮಯ ಧಾರಾಳ.

ನಮ್ಮ ಬೇಡಿಕೆ

ಪ್ರತಿ ತಾಲ್ಲೂಕಿನಲ್ಲಿ ಜೂನ್ ಮೊದಲ ವಾರದೊಳಗೆ ತಹಶೀಲ್ದಾರ್ ಸಹಿಯ ಎರಡು ಪುಟದ ಪಟ್ಟಿ ಹೊರಬರಲಿ. ಪ್ರತಿ ಯಂತ್ರದ ಮುಂದೆ ನಡೆಸುವವರ ಹೆಸರು, ಬದಲಿ ವ್ಯಕ್ತಿಯ ಹೆಸರು, ಇಂಧನ ಕೊಡಿಸುವವರ ಹೆಸರು, ಕೊನೆಯ ಸಲ ಓಡಿಸಿ ನೋಡಿದ ದಿನಾಂಕ ಇರಲಿ. ಬಾಡಿಗೆ ದರ ಮೊದಲೇ ಗೊತ್ತುಪಡಿಸಲಿ. ಬಂದ ವಾಹನಗಳು ನಿಲ್ಲುವ ಜಾಗ ಯಾವುದೆಂದು ಊರಿನವರಿಗೆ ತಿಳಿಸಲಿ. ಹನ್ನೆರಡು ತಾಸಿಗೆ ಪಾಳಿ ಬದಲಾಗಲಿ. ಅಂಬಿಗರ ತೆಪ್ಪಕ್ಕೆ, ಜೀವಕ್ಕೆ ವಿಮೆ ಇರಲಿ. ಪಟ್ಟಿ ಗ್ರಾಮ ಪಂಚಾಯಿತಿ ಗೋಡೆಯ ಮೇಲೆ ಅಂಟಲಿ. ಸುಳ್ಳು ನಂಬರ್ ಇದ್ದರೆ ಊರಿನವರೇ ಹೇಳುತ್ತಾರೆ.

ಇನ್ನು ನಮ್ಮ ಬಳಗದ ಗೆಳೆಯರಿಗೆ. ಮುಂದಿನ ಮೇ ತಿಂಗಳಲ್ಲಿ ಆ ಪ್ರಕಟಣೆ ಬಂದಾಗ ಸಂಖ್ಯೆ ಬರೆದುಕೊಂಡು ಬರುವ ಮುಂಚೆ ಮೂರು ಪ್ರಶ್ನೆ ಕೇಳೋಣ. ಇದರಲ್ಲಿ ಈಗಲೇ ಹೊರಡಬಲ್ಲದ್ದು ಎಷ್ಟು? ಕಳೆದ ಸಲ ದುಡಿದವರ ಬಿಲ್ ಎಷ್ಟು ಬಾಕಿ ಇದೆ? ಪಟ್ಟಿಯ ಐದನೇ ನಂಬರ್‌ಗೆ ಈಗ ಇಲ್ಲೇ ಫೋನ್ ಹಚ್ಚಬಹುದೇ? ಆ ಫೋನ್ ಯಾರಾದರೂ ಎತ್ತಿದರೆ ಸುದ್ದಿ, ಎತ್ತದಿದ್ದರೆ ಇನ್ನೂ ದೊಡ್ಡ ಸುದ್ದಿ. ಎರಡನ್ನೂ ಜೂನ್‌ನಲ್ಲೇ ಬರೆದರೆ ಸರಿಪಡಿಸಲು ಇನ್ನೂ ಎರಡು ತಿಂಗಳು ಉಳಿದಿರುತ್ತದೆ.